ಕಸ್ತೂರಿಗೆ ಕಲಿಸದ ಗುರುತು

ಅದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ನಾನು ಹೇಳಿದ್ದು ಸುಳ್ಳು.

ಚಿಮ್ಮಡದಲ್ಲಿ ನಮ್ಮದು ಕುರಿ ಸಾಕುವ ಮನೆ. ಸಂಜೆ ಹಿಂಡು ಮೇದು ಬಂದಾಗ ಪ್ರತಿ ಮರಿಯನ್ನೂ ಅದರ ತಾಯಿಗೇ ಬಿಡಬೇಕು. ತಪ್ಪಿದರೆ ಕುರಿ ಹಾಯುತ್ತದೆ, ಮರಿ ಹಸಿದು ಸಾಯುತ್ತದೆ. ಯಾವ ಮರಿ ಯಾವ ಕುರಿಯದು ಎಂದು ನಾನು ಮುಖ ನೋಡಿಯೇ ಹೇಳುತ್ತೇನೆ. ಮಗಳು ಲಕ್ಕವ್ವನೂ ಹೇಳುತ್ತಾಳೆ. ಸೊಸೆ ಕಸ್ತೂರಿ ಬನಹಟ್ಟಿಯ ನೇಕಾರರ ಮನೆಯವಳು. ಬಂದ ಹೊಸತರಲ್ಲಿ, "ಅತ್ತಿ, ನನಗೂ ಕಲಿಸ್ರಿ" ಎಂದಳು.

"ಕಲಿಸಿದ್ರ ಬರೂದಲ್ಲ ಇದು. ಹೊಟ್ಟ್ಯಾಗಿದ್ದಾಗ ಬೀರಪ್ಪ ದ್ಯಾವ್ರು ಕೊಟ್ಟಿರಬೇಕು" ಎಂದೆ.

ಲಕ್ಕವ್ವನನ್ನು ಸಣ್ಣವಳಿದ್ದಾಗಿನಿಂದ ತೊಡೆಯ ಮೇಲೆ ಕೂರಿಸಿಕೊಂಡು — ಇದರ ಮೂಗು ನೋಡು, ಇದರ ಕಿವಿ ನೋಡು — ದಿನವೂ ಕಲಿಸಿದವಳು ನಾನೇ. ಅದನ್ನು ನುಂಗಿಕೊಂಡೆ. ಇವಳೂ ಕಲಿತರೆ ನನ್ನನ್ನು ಕೇಳುವವರು ಯಾರು ಎಂದು... ಇರಲಿ. ಇಪ್ಪತ್ತೆರಡು ವರ್ಷ ಕಸ್ತೂರಿಯನ್ನು ಒಲೆಯ ಮುಂದೆಯೇ ಇಟ್ಟೆ. ಕೊನೆಗೆ, ಗುರುತಿಲ್ಲದವಳ ಕೈಯಲ್ಲಿ ಹಿಂಡು ಉಳಿಯದೆಂದು, ಎಲ್ಲ ಕುರಿ ಲಕ್ಕವ್ವನಿಗೇ ಎಂದುಬಿಟ್ಟೆ. ಹಿಂಡು ಒಯ್ಯಲು ಅವಳು ಗಂಡನ ಮನೆ ಮುಧೋಳದಿಂದ ಗಾಡಿ ತರುವ ದಿನವೂ ನಿಗದಿಯಾಗಿತ್ತು.

ಆಗ ಕಸ್ತೂರಿಯ ಮಗಳು ಸುಮಾ ಧಾರವಾಡದಿಂದ ಬಂದಳು. ಅಲ್ಲಿ ಮಿದುಳಿನ ವಿಷಯ ಓದುತ್ತಾಳೆ. ತಿಳಿವಳಿಕೆ ಹುಟ್ಟಿನಿಂದ ಬರುತ್ತದೋ, ಕಲಿತು ಬರುತ್ತದೋ ಎಂದು ದೊಡ್ಡ ದೊಡ್ಡವರೇ ಜಗಳಾಡುತ್ತಾರಂತೆ.

"ಆಯಿ, ಲಕ್ಕವ್ವತ್ತಿ ತಲಿ ಮಷೀನಿನ್ಯಾಗ ಇಟ್ಟು ನೋಡಬೇಕು. ಕುರಿ ಮುಖ ಕಂಡಾಗ ಮಿದುಳಿನ್ಯಾಗ ಎಲ್ಲಿ ಬೆಳಗತೈತಿ, ಎಲ್ಲಾ ಕಾಣ್ತೈತಿ."

"ದೀಪ ಕಾಣ್ತೈತಿ. ಹಚ್ಚಿದವರು ಕಾಣ್ತಾರೇನಬೇ?"

ಸುಮಾ ನಕ್ಕಳು. "ಖರೆ ಆಯಿ, ಜಗಳ ಅಲ್ಲೇ ನಿಂತೈತಿ. ಬರೇ ಚಿತ್ರ ನೋಡಿ ಹೇಳಾಕ ಬರೂದಿಲ್ಲ. ಸಣ್ಣಾಕಿದ್ದಾಗ ಏನು ಕಲಿತಿದ್ದಳು ಅನ್ನೂದೂ ಗೊತ್ತಿರಬೇಕು. ಲಕ್ಕವ್ವತ್ತಿಗೆ ಯಾರರ ಕಲಿಸಿದ್ರೇನು?"

ಮಷೀನು ಹೇಳಲಾರದ್ದನ್ನು ಹೇಳಬಲ್ಲವಳು ನಾನೊಬ್ಬಳೇ — ಹೇಳಿದರೆ ಮಗಳೂ ಹೋದಳು, ಮರ್ಯಾದೆಯೂ ಹೋಯಿತು, ಹೇಳದಿದ್ದರೆ...

ಒಲೆಯ ಕಡೆಯಿಂದ ಕಸ್ತೂರಿ ನಗುತ್ತ ಅಂದಳು: "ನನ್ನ ತಲಿ ಇಟ್ರ ಕತ್ತಲಾನ ಕಾಣ್ತೈತಿ ಬಿಡವಾ."

ಅವಳಿಗೆ ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಸುಳ್ಳನ್ನು ನಂಬಿಬಿಟ್ಟಿದ್ದಳು.

ಮರುದಿನ ಬೆಳಿಗ್ಗೆ ಅವಳ ಎದುರೇ ಲಕ್ಕವ್ವನಿಗೆ ಫೋನ್ ಹಚ್ಚಿಸಿದೆ. "ಗಾಡಿ ತರಬ್ಯಾಡ. ನಿನಗ ಹುಟ್ಟಾ ಬಂದಿದ್ದಲ್ಲಬೇ, ನಾ ಕಲಿಸಿದ್ದು. ಇಕಿಗೆ ಬೇಕಂತನ ಕಲಿಸಲಿಲ್ಲ. ಹಿಂಡು ಇಲ್ಲೇ ಇರತೈತಿ."

ಲಕ್ಕವ್ವ ಫೋನ್ ಇಟ್ಟಳು. ಕಸ್ತೂರಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ನಾನು ಹೊರಗೆ ಹೋಗಿ, ಒಂದು ಮರಿ ಎತ್ತಿ ತಂದು ಅವಳ ಪಕ್ಕದಲ್ಲಿ ಬಿಟ್ಟು, "ಇದರ ಮೂಗು ನೋಡು" ಎಂದೆ.

ಅವಳು ಅದನ್ನು ಮುಟ್ಟಲಿಲ್ಲ.