ಫೆರ್ನಾ ಕಣಿವೆಯ ಕೊನೆಯ ಮನೆ

ನನ್ನ ಸೋದರತ್ತೆ ಡೊಲೀನಾ ಬ್ಯಾನರ್ಮನ್ ಪೋರ್ಟ್‌ವಾರ್ ಶಾಲೆಯ ಅಡುಗೆಮನೆಯಲ್ಲಿ ಆಯುಷ್ಯವೆಲ್ಲ ದುಡಿದವಳು. ಈ ಕಡಲಂಚಿನಲ್ಲಿ ನಡುವಯಸ್ಸು ದಾಟಿದ ಯಾರನ್ನೇ ಕೇಳಿ, ಅವಳ ಕೈಯ ಆಲೂಗಡ್ಡೆ ತಿಂದು, ಅವಳ ಬಾಯಿಂದ ಬೈಸಿಕೊಂಡು ಬೆಳೆದವರೇ. ತಟ್ಟೆಯಲ್ಲಿ ಎಲೆಕೋಸು ಬಿಟ್ಟರೆ ಮುಗಿಯಿತು. "ನಿಮ್ಮ ಮುತ್ತಜ್ಜ ಕಡಲ ಪಾಚಿ ಬೇಯಿಸ್ಕೊಂಡು ತಿಂದ. ದೊರೆಗಳಿಗೆ ಕೋಸು ಸೇರಲ್ವೋ?" ಎನ್ನುತ್ತಾ ಸೌಟು ಹಿಡಿದು ಮುಂದೆ ನಿಲ್ಲುತ್ತಿದ್ದಳು. ಮದುವೆಯಾಗಲಿಲ್ಲ. ಯಾಕೆಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಪಾಚಿಯ ಮಾತು ಸುಳ್ಳಲ್ಲ. ನಮ್ಮ ಜನ ಮೊದಲು ಇದ್ದದ್ದು ಈ ಕಲ್ಲು ದಂಡೆಯಲ್ಲಲ್ಲ, ಒಳನಾಡಿನ ಫೆರ್ನಾ ಕಣಿವೆಯಲ್ಲಿ. ಜಮೀನ್ದಾರನಿಗೆ ಮನುಷ್ಯರಿಗಿಂತ ಕುರಿ ಲಾಭವೆಂದು ಕಂಡಾಗ ಊರಿಗೆ ಊರನ್ನೇ ಎಬ್ಬಿಸಿ ಸಮುದ್ರದ ಕಡೆಗೆ ಅಟ್ಟಿದ. ಅತ್ತೆಯ ಅಜ್ಜ ಆಂಗಸ್ ಆಗ ಎರಡು ವರ್ಷದ ಕೂಸು. ಬೆನ್ನಬುಟ್ಟಿಯಲ್ಲಿ ಹೊತ್ತು ತಂದರಂತೆ. ಅವನು ತೊಂಬತ್ತು ದಾಟಿ ಬದುಕಿದ. ಸಣ್ಣ ಹುಡುಗಿಯಾಗಿದ್ದ ಅತ್ತೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ವಸಂತದ ಕಥೆ ಹೇಳುತ್ತಿದ್ದ. ಮೇ ತಿಂಗಳಾದರೂ ಹಿಮ ಬಿದ್ದಿತ್ತಂತೆ. ಅವನ ಅಕ್ಕ ಶೋನಚ್ ಎಂಬವಳು ದಾರಿಯಲ್ಲಿ ಹಿಂದೆ ಉಳಿದು ಹಿಮದಲ್ಲಿ ಸತ್ತಳಂತೆ. ಅವಳ ಮುಖ ಅವನಿಗೆ ನೆನಪಿರಲಿಲ್ಲ. ಆದರೂ ಆ ಹೆಸರು ಬಂದಾಗೆಲ್ಲ ಮುದುಕ ಒಲೆಯ ಕಡೆ ನೋಡುತ್ತಿದ್ದನಂತೆ.

ಖಾಲಿಯಾದ ಕಣಿವೆಗೆ ಕುರಿ ಕಾಯಲು ದಕ್ಷಿಣದ ಗಡಿಸೀಮೆಯಿಂದ ಬಂದವರು ಟೆಲ್ಫರ್ ಮನೆತನದವರು. ಒಂದೂವರೆ ಶತಮಾನ ಕಳೆದರೂ ಅವರು ಅಲ್ಲೇ ಇದ್ದರು. ನಮ್ಮ ಮನೆಯಲ್ಲಿ ಟೆಲ್ಫರ್ ಅನ್ನುವುದೇ ಒಂದು ಬೈಗುಳ. ಫೆರ್ನಾದ ಕುರಿಮಾಂಸ ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ನನ್ನದು ಹಳ್ಳಿ ಹಳ್ಳಿ ಸುತ್ತುವ ಲೈಬ್ರರಿ ವ್ಯಾನ್ ಓಡಿಸುವ ಕೆಲಸ. ಕಣಿವೆಯ ಬಾಯಲ್ಲೂ ಒಂದು ನಿಲುಗಡೆ ಇತ್ತು. ಅಲ್ಲಿ ವಾಟ್ ಟೆಲ್ಫರ್ ಎಂಬ ಎಪ್ಪತ್ತು ದಾಟಿದ ಒಂಟಿ ಕುರುಬ, ಎರಡು ನಾಯಿಗಳ ಜೊತೆ ಬಂದು, ಕೌಬಾಯ್ ಕಾದಂಬರಿಗಳನ್ನು ತಬ್ಬಿಕೊಂಡು ಹೋಗುತ್ತಿದ್ದ.

"ಆ ಕುರಿಯವನಿಗೆ ಪುಸ್ತಕ ಕೊಟ್ಟ ಕೈನ ತೊಳ್ಕೊಂಡು ಒಳಗೆ ಬಾ ಲಾಕ್ಲನ್," ಎನ್ನುತ್ತಿದ್ದಳು ಅತ್ತೆ.

ಕೆಲಸದಿಂದ ನಿವೃತ್ತಳಾದ ವರ್ಷ ಅವಳಿಗೆ ಒಂದು ಆಸೆ ಹುಟ್ಟಿತು. ಅಜ್ಜನ ಸಮಾಧಿಗಲ್ಲಿನ ಮೇಲೆ, ಸಮಾಧಿಯೇ ಇಲ್ಲದ ಆ ಶೋನಚ್‌ಳ ಹೆಸರನ್ನೂ ಕೆತ್ತಿಸಬೇಕು. ಕಲ್ಲುಕುಟಿಗ, ಹುಟ್ಟಿದ ವರ್ಷ ಯಾವುದು, ಚರ್ಚಿನಲ್ಲಿ ಇಟ್ಟ ಹೆಸರೇನು ಎಂದು ಕೇಳಿದ. ಅತ್ತೆಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳಬೇಕಾದದ್ದೇ ಅವಳಿಗೆ ಸಹಿಸಲಾಗಲಿಲ್ಲ. ಒಂದು ಫ್ಲಾಸ್ಕ್ ಟೀ, ನಾಲ್ಕು ಓಟ್ಸ್ ರೊಟ್ಟಿ, ಒಂದು ಭೂತಕನ್ನಡಿ ಚೀಲಕ್ಕೆ ಹಾಕಿಕೊಂಡು ಎಡಿನ್‌ಬರೋ ರೈಲು ಹತ್ತಿದಳು.

ಅಲ್ಲಿ ಹಳೆಯ ದಾಖಲೆಗಳನ್ನೆಲ್ಲ ಫಿಲ್ಮ್ ಸುರುಳಿಗಳಲ್ಲಿ ಇಟ್ಟಿದ್ದಾರೆ. ಯಂತ್ರದ ಮುಂದೆ ಕೂತು ಹಿಡಿ ತಿರುಗಿಸುತ್ತಾ ಹೋದರೆ ಪರದೆಯ ಮೇಲೆ ಪಾದ್ರಿಗಳ, ಗುಮಾಸ್ತರ ಕೈಬರಹ ಹರಿಯುತ್ತದೆ. ಹೊಸದರಿಂದ ಹಳೆಯದಕ್ಕೆ ಒಂದೊಂದೇ ಮೆಟ್ಟಿಲು ಇಳಿಯಬೇಕು. ಅತ್ತೆ ಇಳಿದಳು. ನಮ್ಮಲ್ಲಿ ಮದುವೆಯಾದ ಹೆಣ್ಣಿನ ತವರು ಹೆಸರನ್ನು ಚರ್ಚಿನ ಪುಸ್ತಕ ಬಿಡುವುದಿಲ್ಲ; ಹಾಗಾಗಿ ಹೆಂಗಸರ ದಾರಿಯೂ ಅಳಿಸಿರಲಿಲ್ಲ. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ಅದೇ ಹೆಸರುಗಳು ತಲೆಮಾರು ಬಿಟ್ಟು ತಲೆಮಾರಿಗೆ ಮೇಲೆದ್ದು ಬರುತ್ತಿದ್ದವು. ಶೋನಚ್ ಸಿಕ್ಕಿದಳು: ೧೮೨೬ರಲ್ಲಿ ಜ್ಞಾನಸ್ನಾನ, ನಮ್ಮ ಗೇಲಿಕ್ ಭಾಷೆಯ ಆ ಹೆಸರನ್ನು ಪಾದ್ರಿ ಇಂಗ್ಲಿಷಿಗೆ ತಿರುಗಿಸಿ 'ಜಾನೆಟ್' ಎಂದು ಬರೆದುಕೊಂಡಿದ್ದ. ಅಷ್ಟಕ್ಕೆ ಎದ್ದು ಬರಬಹುದಿತ್ತು. ಆದರೆ ಯಾರೋ ಪಕ್ಕದವರು, ೧೮೪೧ರ ಜನಗಣತಿಯನ್ನೂ ನೋಡಿಬಿಡಿ ಎಂದರಂತೆ.

ಆ ಸಂಜೆ ಲೈಬ್ರರಿಯ ಫೋನಿಗೆ ಅವಳ ಕರೆ ಬಂತು. ದನಿ ಗುರುತೇ ಸಿಗಲಿಲ್ಲ. ಸೌಟಿನ ದನಿಯಲ್ಲ ಅದು, ಚರ್ಚಿನೊಳಗಿನ ಪಿಸುಮಾತು.

"ಲಾಕ್ಲನ್, ಎಲ್ಲರೂ ಇದಾರೆ ಕಣೋ."

"ಯಾರು ಅತ್ತೆ?"

"ಎಲ್ಲರೂ. ಮನೇಲೇ ಇದಾರೆ. ಜೂನ್ ತಿಂಗಳು, ಒಂದು ರಾತ್ರಿ ಯಾರ್ಯಾರು ಎಲ್ಲೆಲ್ಲಿ ಮಲಗಿದ್ರು ಅಂತ ಬರ್ಕೊಂಡಿದಾರೆ. ಗಿರಣಿಯವನಿದಾನೆ, ನೇಕಾರರಿದಾರೆ. ನಮ್ಮ ಡೊನಾಲ್ಡ್ ಇದಾನೆ, ಅವನ ಹೆಂಡ್ತಿ ಮ್ಯಾರಿಯನ್ ಇದಾಳೆ, ಜಾನೆಟ್‌ಗೆ ಹದಿನೈದು. ಕೊನೇಲಿ ಆಂಗಸ್, ಎರಡು ತಿಂಗಳು. ಎರಡು *ತಿಂಗಳು* ಕಣೋ! ಆ ಮುದುಕನ ಗಡ್ಡ ನನ್ನ ಕೆನ್ನೆಗೆ ಚುಚ್ಚಿದ್ದು ಇನ್ನೂ ನೆನಪಿದೆ ನಂಗೆ."

ಹತ್ತು ವರ್ಷದ ಮುಂದಿನ ಗಣತಿಯನ್ನೂ ತೆರೆದು ನೋಡಿದಳಂತೆ. ಪುಟಗಟ್ಟಲೆ ತುಂಬಿದ್ದ ಕಣಿವೆಯಲ್ಲಿ ಒಂದೇ ಒಂದು ಮನೆ ಉಳಿದಿತ್ತು. 'ವಾಲ್ಟರ್ ಟೆಲ್ಫರ್, ಕುರುಬ' ಎಂಬಷ್ಟು ಓದಿದವಳೇ, ಮುಂದೆ ನೋಡಲಾರದೆ ಸುರುಳಿಯನ್ನು ಸುತ್ತಿ ವಾಪಸು ಕೊಟ್ಟಿದ್ದಳು.

ಮರುವರ್ಷ ಜೂನ್ ತಿಂಗಳಲ್ಲಿ, ಗಣತಿ ನಡೆದ ಕಾಲದಲ್ಲೇ, ನಾನೂ ಅವಳೂ ಫೆರ್ನಾಕ್ಕೆ ಹೋದೆವು. ಗಣತಿದಾರ ಮನೆಯಿಂದ ಮನೆಗೆ ನಡೆದ ಕ್ರಮದಲ್ಲೇ ಬರೆದಿರುತ್ತಾನೆ. ಅವನು ಎಲ್ಲಿಂದ ಹೊರಟ ಎಂದು ತಿಳಿದರೆ ಪಾಳುಗೋಡೆಗಳಲ್ಲಿ ಯಾವುದು ಯಾರ ಮನೆ ಎಂದು ಹೇಳಬಹುದು. ಅವನ ಪಟ್ಟಿಯಲ್ಲಿ ಮೊದಲು ಗಿರಣಿಯವನ ಮನೆ. ಹಳ್ಳದ ಪಕ್ಕ, ಜರೀಗಿಡಗಳ ನಡುವೆ, ಒಡೆದ ಬೀಸುಗಲ್ಲೊಂದು ಬಿದ್ದಿತ್ತು.

"ಇಲ್ಲಿಂದ," ಎಂದಳು ಅತ್ತೆ.

ಮೊಣಕಾಲೆತ್ತರಕ್ಕೆ ಕುಸಿದ ಗೋಡೆಗಳು. ಮನುಷ್ಯರು ಬಾಳಿದ ಕಡೆ ಮಾತ್ರ ಬೆಳೆಯುವ ತುರಿಕೆ ಗಿಡಗಳು. ಸುತ್ತ ಎಲ್ಲ ಕಂದು ಬಣ್ಣದ ಹೆದರ್ ಪೊದೆ, ಆದರೆ ಒಂದೊಂದು ಮನೆಯ ಮುಂದೂ ಅಂಗಳದಷ್ಟು ಹುಲ್ಲು ಮಾತ್ರ ಹಸಿರೋ ಹಸಿರು. ಎಷ್ಟು ತಲೆಮಾರಿನ ದನಕರು, ಬೂದಿ, ಗೊಬ್ಬರ ಆ ನೆಲಕ್ಕೆ ಇಳಿದಿತ್ತೋ. ಅತ್ತೆ ಪ್ರತಿ ಮನೆಯ ಬಾಗಿಲು ಇದ್ದ ಜಾಗದಲ್ಲಿ ನಿಂತು, ಗೇಲಿಕ್‌ನಲ್ಲಿ "ಒಳಗೆ ಬರಬಹುದಾ?" ಎಂದು ಕೇಳುತ್ತಿದ್ದಳು. ಸ್ವಲ್ಪ ಕಾಯುತ್ತಿದ್ದಳು. ಆಮೇಲೆ ಕಾಲಿಟ್ಟು ಅವರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೊದಲ ಮನೆಯಲ್ಲಿ ನನಗೆ ನಗು ಬಂತು. ಮೂರನೆಯದರಲ್ಲಿ ನಾನೂ ಟೋಪಿ ತೆಗೆದೆ. ಆ ಹೆಸರುಗಳನ್ನು ಆ ಗೋಡೆಗಳ ನಡುವೆ ಯಾರಾದರೂ ಕರೆದು ನೂರೈವತ್ತು ವರ್ಷವಾಗಿತ್ತು. ಗಾಳಿ ನಿಂತಂತೆ ನನಗನ್ನಿಸಿತು, ನಿಂತಿರಲಿಕ್ಕಿಲ್ಲ.

ಹಳ್ಳದ ಒಂದು ಮಗ್ಗುಲಲ್ಲಿ ಮೇಲೆ ಹತ್ತಿ, ಇನ್ನೊಂದು ಮಗ್ಗುಲಲ್ಲಿ ಕೆಳಗಿಳಿದೆವು. ಪಟ್ಟಿಯಲ್ಲಿ ಕೊನೆಯದೇ ನಮ್ಮ ಮನೆ. ಪಾಳುಗಳು ಮುಗಿದವು, ಅದೊಂದು ಸಿಗಲಿಲ್ಲ. ಅತ್ತೆ ಹಿಂದೆ ಮುಂದೆ ಓಡಾಡಿದಳು, ಪೊದೆ ಸರಿಸಿದಳು.

"ನಮ್ಮದು ಮಾತ್ರ ಎಲ್ಲಿ ಹೋಯ್ತೋ? ಕಲ್ಲು ಸಮೇತ ಎತ್ಕೊಂಡು ಹೋದ್ರಾ?"

ಕೆಳಗೆ, ಹಳ್ಳದ ತಿರುವಿನಲ್ಲಿ, ವಾಟ್ ಟೆಲ್ಫರನ ಚಿಮಣಿಯಿಂದ ಹೊಗೆ ಏಳುತ್ತಿತ್ತು. ಅವನು ಬೇಲಿಯಾಚೆಯಿಂದ ಕೈಬೀಸಿದ. ಅತ್ತೆ ಬೆನ್ನು ತಿರುಗಿಸಿದಳು.

ಆದರೆ ಆ ಕಾಣೆಯಾದ ಮನೆ ಅವಳನ್ನು ಸುಮ್ಮನಿರಲು ಬಿಡಲಿಲ್ಲ. ೧೮೫೧ರಲ್ಲಿ ಆ ಒಂದೇ ಮನೆ ಎಲ್ಲಿತ್ತೆಂದು ನೋಡಲು ಮತ್ತೆ ಎಡಿನ್‌ಬರೋಗೆ ಹೋದಳು. ಈ ಸಲ ಟೆಲ್ಫರ್ ಎಂಬ ಹೆಸರಿನ ಮುಂದಕ್ಕೂ ಓದಿದಳು. ವಾಲ್ಟರ್, ಹುಟ್ಟಿದ್ದು ಗಡಿಸೀಮೆಯಲ್ಲಿ. ಹೆಂಡತಿ ಜಾನೆಟ್, ಇಪ್ಪತ್ತೈದು ವರ್ಷ, ಹುಟ್ಟಿದ್ದು ಇದೇ ಪ್ಯಾರಿಷ್‌ನಲ್ಲಿ, ಅಂದರೆ ಇದೇ ಚರ್ಚಿನ ಸೀಮೆಯಲ್ಲಿ. ಮಕ್ಕಳು ಮ್ಯಾರಿಯನ್, ರಾಬರ್ಟ್, ಆಂಗಸ್.

ಆಂಗಸ್ ಎಂಬುದು ಗೇಲಿಕ್ ಹೆಸರು, ಗಡಿಸೀಮೆಯವರು ಮಗನಿಗೆ ಇಡುವುದಿಲ್ಲ. ಅತ್ತೆ ಮದುವೆಯ ಪುಸ್ತಕದ ಸುರುಳಿ ಕೇಳಿ ತೆಗೆದುಕೊಂಡಳು. ಊರು ಎಬ್ಬಿಸಿದ ಮರುವರ್ಷದ ಪುಟದಲ್ಲಿ ಇತ್ತು: ಫೆರ್ನಾದ ಕುರುಬ ವಾಲ್ಟರ್ ಟೆಲ್ಫರ್, ಮತ್ತು ಫೆರ್ನಾದಲ್ಲಿ ಹಿಂದೆ ಇದ್ದ ಡೊನಾಲ್ಡ್ ಬ್ಯಾನರ್ಮನ್‌ನ ಮಗಳು ಜಾನೆಟ್.

ಶೋನಚ್ ಹಿಮದಲ್ಲಿ ಸತ್ತಿರಲಿಲ್ಲ.

ಊರಿಗೆ ಬಂದ ಮೂರನೆಯ ದಿನ ಅವಳು ನನ್ನ ವ್ಯಾನ್ ಹತ್ತಿ ಕೂತಳು. ದಾರಿಯುದ್ದಕ್ಕೂ ಬೈದದ್ದು ಟೆಲ್ಫರರನ್ನಲ್ಲ, ತನ್ನ ಮುತ್ತಜ್ಜನನ್ನು. "ಕುರಿಯವನನ್ನ ಕಟ್ಕೊಂಡ್ಳು ಅಂತ ಬದುಕಿದ್ದ ಮಗಳನ್ನ ಬಾಯಿಮಾತಲ್ಲೇ ಹಿಮದಲ್ಲಿ ಹೂತುಬಿಟ್ಟ ನೋಡು. ಆ ಎಳೇ ಕೂಸಿಗೆ ಸುಳ್ಳು ಹೇಳಿದ. ಅದು ತೊಂಬತ್ತು ವರ್ಷ ಅಳ್ತಾ ಕೂತಿತ್ತು! ಶೋನಚ್ ಏನು ಕಮ್ಮಿ? ಎರಡನೇ ಮಗನಿಗೆ ಅಪ್ಪನ ಹೆಸರು ಇಡ್ಬೇಕಿತ್ತು. ಇಡ್ಲಿಲ್ಲ. ತಮ್ಮನ ಹೆಸರು ಇಟ್ಳು."

ವಾಟ್ ಬಾಗಿಲಲ್ಲೇ ಇದ್ದ. ಅತ್ತೆಯನ್ನು ಕಂಡು ಬಾಯಿಂದ ಪೈಪು ತೆಗೆದ.

"ಪೋರ್ಟ್‌ವಾರ್ ಬ್ಯಾನರ್ಮನ್ ನಮ್ಮ ಮನೆ ಬಾಗಿಲಿಗೆ! ಏನು, ಸಮುದ್ರ ಬತ್ತಿಹೋಯ್ತಾ?"

"ನಿಮ್ಮಜ್ಜನ ಹೆಸರೇನು ಹೇಳು," ಎಂದಳು ಅತ್ತೆ, ನಮಸ್ಕಾರವಿಲ್ಲ, ಏನಿಲ್ಲ.

"ಆಂಗಸ್. ಯಾಕೆ?"

"ಗಡಿ ಕಡೆಯವರಿಗೆ ಆ ಹೆಸರು ಎಲ್ಲಿಂದ ಬಂತು ಅಂತ ಯಾವತ್ತಾದ್ರೂ ಕೇಳಿದ್ಯಾ?"

ಅವನು ತಲೆ ಕೆರೆದುಕೊಂಡ. "ಅಜ್ಜನಿಗೆ ಗೇಲಿಕ್ ಬರ್ತಿತ್ತು. ನಾಯಿಗಳ ಹತ್ರ ಮಾತ್ರ ಆಡ್ತಿದ್ದ. ಅವರಮ್ಮ ಈ ಕಡೆಯವಳು ಅಂತಿದ್ರು, ಅಷ್ಟೇ. ಅವಳ ಕಡೆಯವರು ಅಂತ ಯಾರೂ ಯಾವತ್ತೂ ಬರ್ಲಿಲ್ಲವಂತೆ."

"ಬಂದಿದೀನಿ," ಎಂದಳು ಅತ್ತೆ.

ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವನ ಪೈಪು ಆರಿಹೋಗಿತ್ತು. ಅತ್ತೆ ಕೊನೆಗೆ ಕಾಣೆಯಾದ ಮನೆಯ ವಿಷಯ ತೆಗೆದಾಗ ವಾಟ್ ಎದ್ದು ನಿಂತ. ನಮ್ಮನ್ನು ಅಡುಗೆಕೋಣೆಗೆ ಕರೆದುಕೊಂಡು ಹೋದ. ಮುಂದಿನ ಕೋಣೆಗಳದು ಸಾಮಾನ್ಯ ಗೋಡೆ, ನೆಟ್ಟಗಿನ ಮೂಲೆಗಳು. ಅಡುಗೆಕೋಣೆಯ ಗೋಡೆ ಮಾತ್ರ ಒಂದು ಮೊಳಕ್ಕೂ ಹೆಚ್ಚು ದಪ್ಪ. ಮೂಲೆಗಳು ದುಂಡಗೆ, ನಮ್ಮ ಹೈಲ್ಯಾಂಡ್ ಗುಡ್ಡನಾಡಿನ ಹಳೆಯ ಮನೆಗಳ ಹಾಗೆ.

"ಈ ಗೋಡೆ ನಮ್ಮೋರು ಕಟ್ಟಿದ್ದಲ್ಲ," ಎಂದ ವಾಟ್. "ಬಂದಾಗಲೇ ಇತ್ತಂತೆ. ಮುಂದಿನದೆಲ್ಲ ಇದಕ್ಕೆ ಸೇರಿಸಿದ್ದು. ಒಲೆ ಬದಲಾಯಿಸೋಣ ಅಂತ ನಮ್ಮಪ್ಪ ಒಂದ್ಸಲ ಹೊರಟಾಗ, ಅಜ್ಜ ಕೈಗೆ ಸಿಕ್ಕಿದ ಕೋಲು ತಗೊಂಡು ಬಂದಿದ್ರು. ನಮ್ಮಮ್ಮ ಹುಟ್ಟಿದ ಜಾಗ, ಮುಟ್ಟಬೇಡಿ ಅಂತ. ಮುದುಕನಿಗೆ ಅರಳು ಮರಳು ಅಂದ್ಕೊಂಡ್ವಿ."

ಊರಿಗೆ ಊರೇ ನಡೆದು ಹೋದಾಗ ಶೋನಚ್ ಹೋಗಲಿಲ್ಲ. ಹೇಗೆ ಉಳಿದಳು, ಎಲ್ಲಿ ಅಡಗಿದ್ದಳು, ಆ ಮೊದಲ ಚಳಿಗಾಲ ಏನು ತಿಂದಳು, ಯಾವ ದಾಖಲೆಯೂ ಹೇಳುವುದಿಲ್ಲ. ತಾನು ಹುಟ್ಟಿದ ಒಲೆಯ ಮುಂದೆಯೇ ಹೆತ್ತಳು, ಅಲ್ಲೇ ಮುದುಕಿಯಾದಳು. ಕಣಿವೆಯ ಅಷ್ಟೂ ಬೆಂಕಿಗಳಲ್ಲಿ ಅವಳದೊಂದು ಆರಲಿಲ್ಲ.

ಅತ್ತೆ ಆ ಗೋಡೆಗೆ ಎರಡೂ ಅಂಗೈ ಒತ್ತಿ, ಹಣೆ ಆನಿಸಿ ನಿಂತಳು. ವಾಟ್ ನನ್ನ ಕಡೆ ನೋಡಿದ, ನಾನು ನೆಲ ನೋಡಿದೆ. ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

ಅವಳು ಕೊನೆಗೆ ತಿರುಗಿ, "ಅದೇನು ಪಾತ್ರೇಲಿ?" ಎಂದಳು.

"ಕುರಿ ಸಾರು. ನೀವು ತಿನ್ನಲ್ಲ ಅಂತ ಕೇಳಿದೀನಿ."

"ಹಾಕು. ಲೆಕ್ಕಕ್ಕೆ ನೋಡಿದ್ರೆ ನಾನು ನಿಂಗಿಂತ ಒಂದು ತಲೆಮಾರು ಮೇಲಿನೋಳು. ಅತ್ತೆ ಆಗ್ಬೇಕು ನಿಂಗೆ. ಬಗ್ಗಿ ಬಡಿಸು."

"ನಿಮಗಿಂತ ಐದು ವರ್ಷ ದೊಡ್ಡೋನು ನಾನು!"

"ಆದ್ರೇನು? ವಯಸ್ಸಾದ್ರೆ ಅಳಿಯ ಅತ್ತೆ ಆಗ್ತಾನಾ?" ಎಂದು ಒಂದು ಚಮಚ ಬಾಯಿಗಿಟ್ಟು, "ಉಪ್ಪು ಕಮ್ಮಿ," ಎಂದಳು. ನಮ್ಮ ಮನೆತನದಲ್ಲಿ ಫೆರ್ನಾದ ಕುರಿಮಾಂಸ ತಿಂದವರಲ್ಲಿ ಅವಳೇ ಮೊದಲಿಗಳು. ಎರಡು ಬಟ್ಟಲು ತಿಂದಳು.

ಊಟವಾದ ಮೇಲೆ ವಾಟ್ ಗುಡ್ಡದ ಮೇಲಿನ ಸಣ್ಣ ಸ್ಮಶಾನಕ್ಕೆ ಕರೆದೊಯ್ದು ಶೋನಚ್‌ಳ ಕಲ್ಲು ತೋರಿಸಿದ. 'ಜಾನೆಟ್, ವಾಲ್ಟರ್ ಟೆಲ್ಫರ್‌ನ ಪತ್ನಿ' ಎಂದಷ್ಟೇ ಇತ್ತು. ಅಲ್ಲಿಂದ ನೋಡಿದರೆ ಕಣಿವೆ ಮುಗಿದಲ್ಲಿ ಬೆರಳಗಲ ಸಮುದ್ರ ಕಾಣುತ್ತದೆ. ಪೋರ್ಟ್‌ವಾರ್ ಇರುವುದು ಅದೇ ನೇರಕ್ಕೆ. ಆ ಬೇಸಗೆಯಲ್ಲೇ ಕಲ್ಲುಕುಟಿಗ ಬಂದು ಅವಳ ತವರು ಹೆಸರನ್ನೂ, 'ಶೋನಚ್' ಎಂಬುದನ್ನೂ ಕೆತ್ತಿಹೋದ.

ಆಮೇಲೆ ಅತ್ತೆ ಬದುಕಿದ್ದು ಏಳು ವರ್ಷ. ಭಾನುವಾರ ವಾಟ್ ಅವಳ ಮನೆಗೆ ಬರುತ್ತಿದ್ದ, ಇಲ್ಲವೇ ಅವಳು ಅಲ್ಲಿ. ಇಬ್ಬರೂ ಸೇರಿ ಪ್ರತಿ ಪಾಳು ಮನೆಯವರು ಎಲ್ಲೆಲ್ಲಿಗೆ ಹೋದರೆಂದು ಹುಡುಕಲು ಕೂತರು. ಗಿರಣಿಯವನ ಮಕ್ಕಳು ನೋವಾ ಸ್ಕೋಷಿಯಾದಲ್ಲಿ ಸಿಕ್ಕರು. ನೇಕಾರರು ಗ್ಲಾಸ್ಗೋದ ಗಿರಣಿಗಳಲ್ಲಿ. ಒಂದು ಮನೆಯವರು ನ್ಯೂಜಿಲೆಂಡಿನಲ್ಲಿ ಮತ್ತೆ ಕುರಿಯನ್ನೇ ಸಾಕುತ್ತಿದ್ದರು. ಅದನ್ನು ಓದಿ ವಾಟ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಒಬ್ಬಳು ಮಾತ್ರ ಸಿಗಲಿಲ್ಲ. ಹಳ್ಳದ ಮೇಲ್ಗಡೆಯ ಚಿಕ್ಕ ಮನೆಯಲ್ಲಿದ್ದ ಎಫೀ ಎಂಬ ವಿಧವೆ, ಜೊತೆಗೆ ಆರು ವರ್ಷದ ಮಗಳು. ಯಾವ ಊರಿನ ಪುಸ್ತಕದಲ್ಲೂ, ಯಾವ ಹಡಗಿನ ಪಟ್ಟಿಯಲ್ಲೂ ಅವರಿಲ್ಲ. ಅತ್ತೆ ತೀರಿಕೊಳ್ಳುವ ಹಿಂದಿನ ವಾರ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, "ಗಂಡನ ಹೆಸರಲ್ಲಿ ಹುಡುಕಿದ್ದು ಸಾಕು, ತವರು ಹೆಸರಲ್ಲಿ ನೋಡು," ಎಂದಿದ್ದಳು. ನೋಡುತ್ತಿದ್ದೇನೆ.