ಗಾದಿಯೊಳಗೆ ಸೇರಿದ ಉಸುಕು

ವಿಜಾಪುರದ ಜೋರಾಪುರ ಪೇಟೆಯಲ್ಲಿ ಹತ್ತಿ ಬಡಿದು ಗಾದಿ ಹೊಲಿಯುವ ಚಮನಸಾಬನೆಂಬ ಪಿಂಜಾರನಿದ್ದ. ಅವನ ಹೆಂಡತಿ ಹಾಜಿರಾಬಿ. ತವರು ತಿಕೋಟಾ. ಅವಳ ಅಪ್ಪನದೂ ಅದೇ ಕಸುಬು. ಗಂಡುಮಕ್ಕಳಿಲ್ಲದ ಆತ ತಂತಿ ಬಿಗಿದ ಬಿಲ್ಲು ಹಿಡಿದು ಅರಳೆ ಬಡಿಯುವುದನ್ನು ಈ ಮಗಳಿಗೇ ಕಲಿಸಿದ್ದ. ಆದರೆ ಬಾಗಿಲು ಮುಂದೆ ಮಾಡಿಕೊಂಡು, ಹೊರಗಿನವರಿಗೆ ಕಾಣದಂತೆ. ಹೆಂಗಸರು ಗಾದಿ ಹೊಲಿಯಬಹುದು, ದಿಂಬು ತುಂಬಬಹುದು. ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವುದು ಗಂಡಸರದು ಎಂಬುದು ಅವರ ಮಂದಿಯ ರೂಢಿ. ಮದುವೆಯಾಗಿ ಬಂದ ಮೇಲೆ ಹಾಜಿರಾಬಿ ಸೂಜಿ ಹಿಡಿದಳು, ಬಿಲ್ಲು ಮುಟ್ಟಲಿಲ್ಲ. ಅಪ್ಪ ತೀರಿಕೊಂಡಾಗ ಅವನ ಹಳೆಯ ಬಿಲ್ಲನ್ನು ಮಾತ್ರ ತಂದು ಅಟ್ಟದ ಮೇಲೆ ಇಟ್ಟಿದ್ದಳು. ಮಾತು ಕಡಿಮೆ, ಕೈ ಚುರುಕು ಎಂದು ಓಣಿಯವರು ಅವಳ ಬಗ್ಗೆ ಹೇಳುತ್ತಿದ್ದರು.

ಚಮನಸಾಬನ ತಮ್ಮ ಮೆಹಬೂಬ ಲಾರಿ ಓಡಿಸುತ್ತಿದ್ದ. ಎಪ್ಪತ್ತಾರರ ಬೇಸಿಗೆಯಲ್ಲಿ ಉಳ್ಳಾಗಡ್ಡಿ ಹೇರಿಕೊಂಡು ಗೋವಾಕ್ಕೆ ಹೊರಟಾಗ, ಅಣ್ಣನ ಸಂಸಾರವನ್ನೂ ಹತ್ತಿಸಿಕೊಂಡ. ಆ ಓಣಿಯಲ್ಲಿ ಸಮುದ್ರ ನೋಡಿದವರು ಯಾರೂ ಇರಲಿಲ್ಲ. ಹಾಜಿರಾಬಿಗೆ ಅಲ್ಲಿ ಸುಖವೇನೂ ಅನ್ನಿಸಲಿಲ್ಲ. ಎಂಟು ವರ್ಷದ ಮಗಳು ಅಬೇದಾ ತೆರೆಯ ಕಡೆಗೆ ಓಡುವಾಗೆಲ್ಲ ಅವಳ ಹಿಂದೆ ಓಡಿ, ಸೀರೆ ಮೊಣಕಾಲ ತನಕ ತೋಯಿಸಿಕೊಂಡು, ಕಡೆಗೆ ಹುಡುಗಿಯ ಜುಟ್ಟು ಹಿಡಿದೇ ಕೂತಳು. ಗಾಳಿಗೆ ಉಸುಕು ಎದ್ದು ಎಣ್ಣೆ ಹಚ್ಚಿದ ತಲೆಗೂದಲಿಗೆ ಮೆತ್ತಿಕೊಂಡಿತು. ರೊಟ್ಟಿಯ ಗಂಟಿನಲ್ಲಿ ಉಸುಕು, ಕಿವಿಯಲ್ಲಿ ಉಸುಕು. ಅಬೇದಾ ಚಿಕ್ಕ ಚಿಕ್ಕ ಚಿಪ್ಪು ಆರಿಸಿ, ಅವ್ವನ ಜಡೆಯ ಕರಿ ದಾರ ಇಸಿದುಕೊಂಡು ಸರ ಮಾಡಿಕೊಂಡಳು. ಒದ್ದೆ ಬಟ್ಟೆಗಳನ್ನೆಲ್ಲ ದೊಡ್ಡ ಚಾದರದಲ್ಲಿ ಗಂಟು ಕಟ್ಟಿ ಲಾರಿ ಹತ್ತಿದರು.

ಮನೆಗೆ ಬಂದರೆ ನಳದಲ್ಲಿ ನೀರಿಲ್ಲ. ನಾಳೆ ಬರುತ್ತದೆ, ನಾಡಿದ್ದು ಬರುತ್ತದೆ ಎಂದು ಓಣಿಯವರು ಖಾಲಿ ಕೊಡ ಸಾಲು ಹಚ್ಚಿದ್ದರು. ತಲೆ ತೊಳೆಯುವ ಮಾತು ಹಾಗಿರಲಿ, ಕುಡಿಯಲಿಕ್ಕೇ ಎರವಲು ತರಬೇಕಾಯಿತು. ಅದರ ಮೇಲೆ ನಿಡೋಣಿಯ ಕೆಲಸ ಕೂತಿತ್ತು. ನಿಡೋಣಿಯ ಮುರಿಗೆವ್ವ ಎಂಬ ಹೊಲಮನೆಯುಳ್ಳ ವಿಧವೆ ತನ್ನ ಮಗಳು ಗುರುಬಸವ್ವನ ಮದುವೆಗೆ ಗಾದಿ, ದಿಂಬು ಹೇಳಿ ಅರಳೆ ಕೊಟ್ಟುಹೋಗಿದ್ದಳು. ಮರುದಿನ ಮಧ್ಯಾಹ್ನ ಚಕ್ಕಡಿ ಬರುವುದಿತ್ತು. ಚಮನಸಾಬ ಬೆಳಿಗ್ಗೆಯೇ ಬಿಲ್ಲು ಹಿಡಿದು ಕೂತ. ಬಡಿದ ಅರಳೆ ಬೀಳಲು ಹಾಸುವುದಕ್ಕೆ ಬೇರೆ ಬಟ್ಟೆ ಇಲ್ಲದೆ ಹಾಜಿರಾಬಿ ಸಮುದ್ರಕ್ಕೆ ಒಯ್ದಿದ್ದ ಚಾದರವನ್ನೇ ಹಾಸಿದಳು. ಓಣಿಯಲ್ಲಿ ಜಾಡಿಸಿಯೇ ತಂದಿದ್ದಳು. ಆದರೆ ತೇವ ಇನ್ನೂ ಆರಿರಲಿಲ್ಲ. ಮಡಿಕೆಗಳಲ್ಲಿ ಉಸುಕು ಅಂಟಿಕೊಂಡೇ ಇತ್ತು. ಬಿಸಿಲೇರಿದಂತೆ ಚಾದರ ಒಣಗಿತು, ಉಸುಕು ಸಡಿಲಾಯಿತು. ಇದು ಯಾರ ಗಮನಕ್ಕೂ ಬರಲಿಲ್ಲ. ಚಕ್ಕಡಿಯವನು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಗ ಅವಳು ಕೊನೆಯ ಹೊಲಿಗೆ ಹಾಕಿ ದಾರ ಹರಿದಳು.

ಆ ಸಂಜೆ ಅಬೇದಾ ಚಿಪ್ಪಿನ ಸರ ಕಾಣುತ್ತಿಲ್ಲವೆಂದು ಅಳತೊಡಗಿದಳು. ಎಲ್ಲಾದರೂ ಬಿದ್ದಿರುತ್ತದೆ ಎಂದು ಹಾಜಿರಾಬಿ ಗದರಿ ಮಲಗಿಸಿದಳು.

ಮರುದಿನ ಚಮನಸಾಬ ಬಿಲ್ಲು ಹೊತ್ತು ಕಳ್ಳಕವಟಗಿಯ ಕಡೆಗೆ ಕೆಲಸಕ್ಕೆ ಹೋದ. ಹೋದರೆ ನಾಲ್ಕೈದು ದಿನ ತಿರುಗಿ ಬರುವವನಲ್ಲ. ಹಾಜಿರಾಬಿ ಕಸ ಗುಡಿಸುತ್ತ ಗಾದಿ ಹೊಲಿದ ಜಾಗಕ್ಕೆ ಬಂದಾಗ ಕಸಬರಿಗೆ ಸರ್ ಎಂದಿತು. ನೆಲದ ಮೇಲೆ ಉದ್ದಕ್ಕೆ ಬಿಳಿ ಉಸುಕು. ಗಾದಿಯ ಅಂಚು ಎಲ್ಲಿತ್ತೋ ಅಲ್ಲಿಯೇ ಗೆರೆ ಕೊರೆದ ಹಾಗೆ ಬಿದ್ದಿತ್ತು. ಅವಳು ಕಸಬರಿಗೆ ಕೆಳಗಿಟ್ಟು ಕೂತುಬಿಟ್ಟಳು. ಹೊಲಿಗೆಯ ಸಂದಿನಿಂದ ಇಷ್ಟು ಉದುರಿದ್ದರೆ ಒಳಗೆ ಎಷ್ಟಿರಬೇಡ. ಆಗಲೇ ಅವಳಿಗೆ ಮಗಳ ಸರವೂ ನೆನಪಾಯಿತು. ಸರ ಆ ಚಾದರದ ಗಂಟಿನಲ್ಲೇ ಬಂದಿತ್ತು, ಜಾಡಿಸಿದಾಗಲೂ ಯಾವುದೋ ಮಡಿಕೆಯಲ್ಲಿ ಸಿಕ್ಕಿಕೊಂಡು ಉಳಿದಿರಬೇಕು.

ಹೊಸ ಮದುಮಕ್ಕಳ ಗಾದಿಯೊಳಗೆ ಕರಿ ದಾರಕ್ಕೆ ಪೋಣಿಸಿದ ಚಿಪ್ಪು. ನೋಡಿದವರು ಏನು ತಿಳಿಯುತ್ತಾರೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗಂಡನಿಗೆ ಹೇಳಿ ಕಳಿಸುವಷ್ಟು ವೇಳೆಯಿಲ್ಲ. ಅಬೇದಾಳನ್ನು ಎದುರು ಮನೆಯ ನೂರಜಹಾನಳ ಬಳಿ ಬಿಟ್ಟಳು. ಅಟ್ಟದಿಂದ ಅಪ್ಪನ ಬಿಲ್ಲನ್ನೂ ತಂತಿಗೆ ಹೊಡೆಯುವ ಮರದ ಗುಂಡನ್ನೂ ಇಳಿಸಿ, ತಂತಿ ಬಿಗಿದು ನೋಡಿ, ಹಳೆ ಸೀರೆಯಲ್ಲಿ ಸುತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ದಾರಿಯಲ್ಲಿ ನೋಡಿದವರು ನೋಡಿದರು. ಅವಳು ತಲೆ ಎತ್ತಲಿಲ್ಲ.

ಬಬಲೇಶ್ವರದಲ್ಲಿ ಬಸ್ಸು ಬದಲಿಸಬೇಕಿತ್ತು. ಚಹದಂಗಡಿಯ ಮುಂದೆ ನಿಡೋಣಿಯ ಇಬ್ಬರು ಗಂಡಸರು ಮಾತಾಡುತ್ತಿದ್ದರು. ಮುರಿಗೆವ್ವನ ಮನೆಗೆ ಬಂದ ಗಾದಿಯಿಂದ ಏನೋ ಉದುರಿತೆಂದು ಮೂಲೆ ಬಿಚ್ಚಿದರೆ ಮಾಟದ ಮಣ್ಣು ಸಿಕ್ಕಿದೆಯಂತೆ, ದಾರ ಕಟ್ಟಿದ ಕವಡೆ ಸಿಕ್ಕಿವೆಯಂತೆ, ಹುಡುಗಿಯ ಸೋದರಮಾವ ಸಿದ್ದರಾಯ ಕೈಯಲ್ಲಿ ಬಡಿಗೆ ಹಿಡಿದುಕೊಂಡೇ ಅಂಗಳದಲ್ಲಿ ತಿರುಗುತ್ತಿದ್ದಾನಂತೆ. ಆ ಹುಡುಗಿಗೆ ಮೊದಲು ಗೊತ್ತಾಗಿದ್ದ ಸಂಬಂಧ ಮುರಿದುಹೋಗಿತ್ತು. ಆ ಕಡೆಯವರೇ ವಿಜಾಪುರದ ಪಿಂಜಾರನನ್ನು ಹಿಡಿದು ಮಾಡಿಸಿದ್ದಾರೆ ಎಂಬುದು ಸಿದ್ದರಾಯನ ನಂಬಿಕೆ. ಗಂಡಿನವರ ಕಿವಿಗೆ ಬಿದ್ದರೆ ಈ ಸಂಬಂಧವೂ ಉಳಿಯುವುದಿಲ್ಲ, ನಾಡಿದ್ದಿನ ಮದುವೆ ನಿಂತೇ ಹೋಗುತ್ತದೆ ಎಂದು ಇನ್ನೊಬ್ಬ ಹೇಳಿದ.

ವಿಜಾಪುರಕ್ಕೆ ತಿರುಗಿ ಹೋಗುವ ಬಸ್ಸು ಅಲ್ಲಿಯೇ ಗುರುಗುಡುತ್ತ ನಿಂತಿತ್ತು. ಹಾಜಿರಾಬಿಯ ಕಾಲುಗಳು ಆ ಕಡೆಗೇ ಎಳೆಯುತ್ತಿದ್ದವು. ಹತ್ತಿ ಹೋಗಿ ಬಾಗಿಲು ಹಾಕಿಕೊಳ್ಳಬಹುದಿತ್ತು. ಆದರೆ ಇವತ್ತಲ್ಲ ನಾಳೆ ಬಡಿಗೆ ಹಿಡಿದವರು ಜೋರಾಪುರ ಪೇಟೆಗೆ ಬರುತ್ತಾರೆ, ಬಂದಾಗ ಏನೂ ಅರಿಯದ ಗಂಡ ಸಿಗುತ್ತಾನೆ. ಮತ್ತೆ ಆ ಹುಡುಗಿ. ಎರಡನೆಯ ಸಲವೂ ಮದುವೆ ತಪ್ಪಿದರೆ ಅವಳನ್ನು ಯಾರು ಕೇಳಿಕೊಂಡು ಬರುತ್ತಾರೆ? ಬಸ್ಸು ಹೋಯಿತು. ಅವಳು ನಿಡೋಣಿಯ ಬಸ್ಸಿಗೆ ಕಾದಳು.

ಮುರಿಗೆವ್ವನ ಅಂಗಳದಲ್ಲಿ ಹಂದರ ಹಾಕಿತ್ತು. ಹಂದರದ ಆಚೆ, ಬಿಸಿಲಿನಲ್ಲಿ, ಗಾದಿ ಒಂದು ಮೂಲೆ ಬಿಚ್ಚಿ ಬಿದ್ದಿತ್ತು. ಅದರ ಸುತ್ತ ಯಾರೂ ಹೋಗದಂತೆ ಬೂದಿಯ ಗೆರೆ ಎಳೆದಿದ್ದರು. ಪಕ್ಕದಲ್ಲಿ ಸೀಮೆಎಣ್ಣೆಯ ಡಬ್ಬಿ. ಹಾಜಿರಾಬಿಯನ್ನು ಗುರುತು ಹಿಡಿದ ಚಕ್ಕಡಿಯವನು, ಪಿಂಜಾರನ ಹೆಂಡತಿ ಬಂದಾಳ ಎಂದ. ಅಂಗಳದಲ್ಲಿದ್ದವರೆಲ್ಲ ಅವಳ ಸುತ್ತ ನೆರೆದರು.

ಸಿದ್ದರಾಯ ಬಡಿಗೆಯ ತುದಿಯಿಂದ ನೆಲದ ಮೇಲಿದ್ದ ಚಿಪ್ಪಿನ ಸರವನ್ನು ಅವಳ ಕಾಲ ಬಳಿಗೆ ತಳ್ಳಿದ. "ಇದನ್ನ ಹಾಕಾಕ ಯಾರು ಹೇಳಿದ್ರು? ಹೆಸರ ಹೇಳು."

"ಯಾರೂ ಹೇಳಿಲ್ರಿ. ನನ್ನ ಮಗಳದರಿ ಅದು," ಎಂದಳು ಹಾಜಿರಾಬಿ. "ಸಮುದ್ರಕ್ಕ ಹೋಗಿದ್ವಿ. ಆ ಉಸುಕು ನಮ್ಮ ಅರಿವಿಗೆ ಹತ್ತಿ ಗಾದ್ಯಾಗ ಬಂದೈತ್ರಿ. ತಪ್ಪು ನಂದು. ಅದನ್ನ ತಗದು ಕೊಡಾಕ ಬಂದೇನಿ."

ಸಿದ್ದರಾಯ ನಗಲಿಲ್ಲ, ಬೈಯಲೂ ಇಲ್ಲ. ಹತ್ತಿ ಬಡಿಯುವವರು ಸಮುದ್ರ ನೋಡಲು ಹೋಗುತ್ತಾರೆಂದು ತಾನು ಎಲ್ಲಿಯೂ ಕೇಳಿಲ್ಲ ಎಂದ. ಉಸುಕನ್ನು ನಾಲಗೆಗೆ ಇಟ್ಟು ನೋಡಿರಿ, ಉಪ್ಪು ಹತ್ತುತ್ತದೆ ಎಂದು ಅವಳು ಹೇಳಿದಳು. ಡೋಣಿ ಹೊಳೆಯ ದಂಡೆಯ ಮಣ್ಣೂ ಉಪ್ಪೇ, ಸುಡುಗಾಡೂ ಅಲ್ಲಿಯೇ ಇದೆ ಎಂದು ಆತ ಉತ್ತರ ಕೊಟ್ಟ. ನೆರೆದವರಲ್ಲಿ ಯಾರೋ, ಆಕೆಯನ್ನು ಕಟ್ಟಿಹಾಕಿ ಗಂಡನನ್ನು ಕರೆಸಿರಿ ಎಂದರು. ಇನ್ನೊಬ್ಬ ಡಬ್ಬಿಯ ಮುಚ್ಚಳ ತೆಗೆದ. ಹಾಜಿರಾಬಿ ಹೇಳುವುದನ್ನೆಲ್ಲ ಹೇಳಿಯಾಗಿತ್ತು.

ತಲೆಯ ಮೇಲಿನ ಸೆರಗು ಸರಿಪಡಿಸಿಕೊಳ್ಳಲು ಕೈ ಎತ್ತಿದಾಗ ಬೆರಳಿಗೆ ಕರಕರ ಹತ್ತಿತು. ಅವಳು ಬಾಗಿಲಲ್ಲಿ ನಿಂತಿದ್ದ ಮುರಿಗೆವ್ವನ ಕಡೆಗೆ ತಿರುಗಿದಳು.

"ಯವ್ವಾ, ಇಷ್ಟು ಮಂದ್ಯಾಗ ನಾ ಸೆರಗ ತಗಿಯಾಂಗಿಲ್ಲ. ಒಳಗ ಬರ್ರಿ. ನನ್ನ ತಲ್ಯಾಗ ಕೈ ಹಾಕಿ ನೋಡ್ರಿ."

ಸಿದ್ದರಾಯ ಬೇಡವೆಂದ. ಮಾಟದವಳನ್ನು ಮುಟ್ಟಬೇಡ ಎಂದು ಅಕ್ಕನಿಗೆ ಅಡ್ಡ ನಿಂತ. ಮುರಿಗೆವ್ವ ತಮ್ಮನ ಮುಖವನ್ನು ನೋಡಿದಳು, ಅವನನ್ನು ಕೈಯಿಂದ ಬದಿಗೆ ಸರಿಸಿ ಹಾಜಿರಾಬಿಯನ್ನು ಒಳಗೆ ಕರೆದುಕೊಂಡು ಕದ ಹಾಕಿದಳು.

ಆ ಕೋಣೆಯಲ್ಲಿ ಗುರುಬಸವ್ವ ಅರಿಷಿಣದ ಸೀರೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಅತ್ತು ಅತ್ತು ಅವಳ ಮುಖ ಬಾತಿತ್ತು. ಹಾಜಿರಾಬಿ ನೆಲದ ಮೇಲೆ ಕೂತು ಜಡೆ ಬಿಚ್ಚಿದಳು. ಮುರಿಗೆವ್ವ ಒಂದು ಗಳಿಗೆ ಹಿಂದುಮುಂದು ನೋಡಿ, ಮೊದಲು ಕೂದಲ ತುದಿ ಮುಟ್ಟಿದಳು. ಆಮೇಲೆ ಬುಡಕ್ಕೆ ಬೆರಳಾಡಿಸಿದಳು. ನೆತ್ತಿಯ ಮೇಲೆ, ಕಿವಿಯ ಹಿಂದೆ, ಕುತ್ತಿಗೆಯ ಸಂದಿನಲ್ಲಿ ಎಣ್ಣೆಗೆ ಕಚ್ಚಿಕೊಂಡ ಉಸುಕು. ಹಣಿಗೆ ತಂದು ಬಾಚಿದಾಗ ಬಿಳಿ ಉಸುಕು ಕರಿ ನೆಲದ ಮೇಲೆ ಉದುರಿತು. ಮಗಳ ಗಾದಿಯಲ್ಲಿ ಕಂಡದ್ದು ಅದೇ.

"ತನ್ನ ತಲಿ ಮ್ಯಾಲೆ ತಾನ ಯಾರರ ಮಾಟದ ಮಣ್ಣ ಹಾಕ್ಕೋತಾರೇನು?" ಎಂದು ಮುರಿಗೆವ್ವ ತನಗೇ ಎಂಬಂತೆ ಹೇಳಿದಳು. ತಲೆ ಯಾಕೆ ತೊಳೆದುಕೊಂಡಿಲ್ಲ ಎಂದು ಕೇಳಿದಳು. ನಳ ಬಂದಿಲ್ಲ ಎಂದಳು ಹಾಜಿರಾಬಿ.

ಮುರಿಗೆವ್ವ ಹೊರಗೆ ಬಂದು ತಮ್ಮನ ಅಂಗೈಯಲ್ಲಿ ಆ ಉಸುಕು ಹಾಕಿ ತಾನು ಕಂಡದ್ದನ್ನು ಎಲ್ಲರಿಗೂ ಕೇಳಿಸುವಂತೆ ಹೇಳಿದಳು. ಸಿದ್ದರಾಯ ಉಸುಕನ್ನು ಬೆರಳಿನಿಂದ ಉಜ್ಜಿ ನೋಡಿದ. ನಂಬಿದ ಎಂದು ಹೇಳಲಾಗದು. ಆದರೆ ಅಕ್ಕನ ಮಾತನ್ನು ಮಂದಿಯ ಮುಂದೆ ಸುಳ್ಳು ಎನ್ನಲೂ ಅವನಿಂದ ಆಗಲಿಲ್ಲ. ಗಾದಿಯನ್ನು ಇಲ್ಲಿಯೇ ಬಿಚ್ಚಬೇಕು, ಅರಳೆಯ ಎಳೆ ಎಳೆಯೂ ತನ್ನ ಕಣ್ಣ ಮುಂದೆ ಬಡಿಯಬೇಕು, ಇನ್ನೊಂದು ಗಂಟು ಕಂಡರೆ ಆಗ ಅಕ್ಕನ ಮಾತೂ ಕೇಳುವುದಿಲ್ಲ ಎಂದ. ಹಾಜಿರಾಬಿ ಒಪ್ಪಿದಳು. ಆದರೆ ಅಬೇದಾ ಎಷ್ಟು ಸರ ಮಾಡಿದ್ದಳೆಂದು ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಬೂದಿಯ ಗೆರೆ ದಾಟಿ ಗಾದಿಯನ್ನು ಹಂದರದ ಕೆಳಗೆ ಎಳೆದು ತಂದಳು. ಹೊಲಿಗೆ ಬಿಚ್ಚಿ, ಅದರ ಬಟ್ಟೆಯನ್ನೇ ಹಾಸಿ ಅರಳೆ ಹರವಿದಳು. ಅಪ್ಪನ ಬಿಲ್ಲನ್ನು ಎಡಗೈಯಲ್ಲಿ ಹಿಡಿದು, ಮರದ ಗುಂಡಿನಿಂದ ತಂತಿಗೆ ಹೊಡೆದಾಗ ಬಂದ ಝಣ್ ಎಂಬ ಸದ್ದಿಗೆ ಅವಳೇ ಬೆಚ್ಚಿದಳು. ಗಂಡಸರ ಮುಂದೆ, ಬಯಲಿನಲ್ಲಿ, ಮೊದಲ ಸಲ. ಮೊದಲೆರಡು ಏಟು ತಪ್ಪಿದವು. ಯಾರೋ ನಕ್ಕರು. ಆಮೇಲೆ ಕೈಗೆ ಹಳೆಯ ಹದ ಸಿಕ್ಕಿತು. ಅರಳೆ ತಂತಿಗೆ ಸಿಕ್ಕು ಬಿಡಿಸಿಕೊಂಡು ಹಗುರಾಗಿ ಹಾರಿ ಆಚೆ ಬೀಳುತ್ತಿತ್ತು. ಉಸುಕು ಭಾರವಾಗಿ ಇತ್ತ ಕೆಳಗೇ ಉಳಿಯುತ್ತಿತ್ತು. ಗಾಳಿ ಬೀಸಿ ಹಾಸು ಮಗುಚಿಕೊಳ್ಳತೊಡಗಿದಾಗ ಅದರ ತುದಿ ಹಿಡಿಯಲು ಯಾರೂ ಮುಂದೆ ಬರಲಿಲ್ಲ. ಗುರುಬಸವ್ವ ಕೋಣೆಯಿಂದ ಎದ್ದು ಬಂದು ತುದಿಯ ಮೇಲೆ ಕೂತಳು. ಮದುಮಗಳು ಹೊರಗೆ ಬರಬಾರದೆಂದು ಹಿರಿಯರೊಬ್ಬರು ಗೊಣಗಿದರು. ಅವಳು ಏಳಲಿಲ್ಲ.

ಕೆಲಸದ ನಡುವೆ ಒಮ್ಮೆ ತಂತಿಗೆ ಏನೋ ಟಣ್ ಎಂದು ತಾಗಿ ಸಿಡಿಯಿತು. ಸಿದ್ದರಾಯ ಎದ್ದು ಬಂದು ಬಗ್ಗಿ ಎತ್ತಿಕೊಂಡ. ದಾರವಿಲ್ಲದ ಒಂದೇ ಚಿಪ್ಪು, ಅರ್ಧ ಮುರಿದದ್ದು, ಒಳಗೆ ಉಸುಕು ತುಂಬಿದ್ದು. ಹಾಜಿರಾಬಿಯ ಕೈ ನಿಂತೇ ಹೋಯಿತು. ಆತ ಅದನ್ನು ಉಗುರಿನಿಂದ ಕೆರೆದು, ತಿರುವಿ ನೋಡಿ, ಅಂಗಿಯ ಕಿಸೆಗೆ ಹಾಕಿಕೊಂಡು ತಿರುಗಿ ಹೋಗಿ ಕೂತ. ಅವಳು ಮತ್ತೆ ಗುಂಡು ಎತ್ತಿದಳು.

"ಸಮುದ್ರ ಹ್ಯಾಂಗಿರ್ತೈತ್ರಿ?" ಎಂದು ಗುರುಬಸವ್ವ ಮೆಲ್ಲಗೆ ಕೇಳಿದಳು.

"ನಾ ಛಲೋತಂಗ ನೋಡಲೇ ಇಲ್ಲವ್ವಾ," ಎಂದಳು ಹಾಜಿರಾಬಿ. "ಹುಡುಗಿ ಎಲ್ಲಿ ಹೋದೀತು ಅನ್ನೂ ಅಂಜಿಕ್ಯಾಗ ಅದರ ಜುಟ್ಟ ಹಿಡಕೊಂಡು ಕುಂತಿದ್ನಿ."

ಹುಡುಗಿಯ ಬಾತ ಮುಖದಲ್ಲಿ ನಗು ಬಂದು ಹೋಯಿತು.

ಹೊತ್ತು ಇಳಿಯುವುದರೊಳಗೆ ಅರಳೆಯನ್ನು ಮುರಿಗೆವ್ವ ಕೊಟ್ಟ ಹೊಸ ಬಟ್ಟೆಗೆ ತುಂಬಿ, ಹೊಲಿದು ಮುಗಿಸಿದಳು. ಮುರಿಗೆವ್ವ ಗಾದಿಯ ಮೇಲೆ ಅಂಗೈ ಊರಿ ಈ ತುದಿಯಿಂದ ಆ ತುದಿಯ ತನಕ ಸವರಿದಳು. ಕೆಳಗೆ ಉಳಿದಿದ್ದ ಉಸುಕನ್ನೂ ಚಿಪ್ಪಿನ ಸರವನ್ನೂ ಸಿದ್ದರಾಯ ಮೊರದಲ್ಲಿ ತುಂಬಿಕೊಂಡು ಊರ ಹೊರಗೆ ಒಯ್ದು ಹೂತು ಬಂದ. ಸರ ತನ್ನ ಮಗಳಿಗೆ ಬೇಕು ಎಂದು ಕೇಳುವ ಧೈರ್ಯ ಹಾಜಿರಾಬಿಗೆ ಆಗಲಿಲ್ಲ. ಹೊರಡುವ ಮುಂಚೆ ಮುರಿಗೆವ್ವ ಹಿತ್ತಲಲ್ಲಿ ನೀರು ಕಾಸಿ, ಸೀಗೆಪುಡಿ ಕೊಟ್ಟು, ತಾನೇ ಹಂಡೆಯಿಂದ ಸುರಿದು ಅವಳ ತಲೆ ತೊಳೆಸಿದಳು. ಒದ್ದೆ ಕೂದಲಿನಲ್ಲೇ ಅವಳು ಕಡೆಯ ಬಸ್ಸು ಹತ್ತಿದಳು.

ಮದುವೆ ಆಯಿತು. ಗಂಡಿನವರಿಗೆ ಸುದ್ದಿ ತಲುಪಿತೋ ಇಲ್ಲವೋ, ಅವರಂತೂ ಕೇಳಲಿಲ್ಲ.

ಚಮನಸಾಬ ತಿರುಗಿ ಬಂದಾಗ, ಹೆಂಡತಿ ಹೇಳುವ ಮೊದಲೇ ಓಣಿ ಎಲ್ಲ ಹೇಳಿತ್ತು. ಬಿಲ್ಲು ಹೊತ್ತು ಊರಾಡಿ ಬಂದವಳ ಜೊತೆ ಮಾತು ಬೇಡವೆಂದು ಕೆಲವು ದಿನ ಮುಖ ತಿರುಗಿಸಿಕೊಂಡೇ ಉಂಡ. ಆಮೇಲೆ ಒಂದು ಬೆಳಿಗ್ಗೆ, ನೀನು ಹೋಗದಿದ್ದರೆ ಅವರು ನನ್ನನ್ನು ಎಲ್ಲಿ ಹಿಡಿಯುತ್ತಿದ್ದರೋ ಎಂದ. ಅಷ್ಟೇ. ಮಳೆಗಾಲ ಮುಗಿದು ಹೊಸ ಹತ್ತಿ ಬಂದಾಗ ನಿಡೋಣಿಯಿಂದ ಗಾದಿ ಬಡಿಯಲು ಕರೆ ಬಂತು. ಹೆಣ್ಣುಮಗಳೇ ಬರಲಿ, ಅಂಗಳದಲ್ಲೇ ಬಡಿಯಲಿ ಎಂದು ಹೇಳಿ ಕಳಿಸಿದ್ದರು. ಒಂದು ಊರಿನ ನಂತರ ಇನ್ನೊಂದು ಊರಿನವರೂ ಹಾಗೆಯೇ ಕೇಳತೊಡಗಿದರು. ತುಂಬಿ ಹೊಲಿದ ಗಾದಿಯನ್ನು ಕೊಳ್ಳುವ ಬದಲು ಕಣ್ಣೆದುರಿಗೇ ಬಡಿಸಿಕೊಳ್ಳುವುದು ಆ ಭಾಗದ ಹೆಂಗಸರ ಮನಸ್ಸಿಗೆ ಬಂತು. ಅವಳು ಬಬಲೇಶ್ವರದ ಕಡೆಗೆ, ಗಂಡ ತಿಕೋಟಾದ ಕಡೆಗೆ, ಹೀಗೆ ಇಬ್ಬರೂ ಬೇರೆ ಬೇರೆ ಬಸ್ಸು ಹತ್ತುವ ಪರಿಪಾಠವಾಯಿತು.

ಸಿದ್ದರಾಯ ಮಾತ್ರ ಅವಳ ಜೊತೆ ಎಂದೂ ಮಾತಾಡಲಿಲ್ಲ. ನಿಡೋಣಿಯಲ್ಲಿ ಯಾರ ಮನೆಯ ಅಂಗಳದಲ್ಲಿ ಅವಳು ಬಿಲ್ಲು ಹಿಡಿದರೂ ಆತ ಬಂದು ಎದುರಿನ ಕಟ್ಟೆಯ ಮೇಲೆ ಕೂತುಕೊಳ್ಳುತ್ತಿದ್ದ. ಕೊನೆಯ ಹೊಲಿಗೆ ಬೀಳುವ ತನಕ ನೋಡಿ, ಎದ್ದು ಹೋಗುತ್ತಿದ್ದ. ಅವಳೂ ಅವನ ಕಡೆಗೆ ಬೆನ್ನು ಮಾಡಿ ಕೂರಲಿಲ್ಲ.