ಘಾಟಿಯಲ್ಲಿ ಉಸಿರುಗಟ್ಟಿದ ಲಾರಿ

ಗೂಡಲೂರು ದಾಟಿ ಕೇರಳದ ಕಡೆಗೆ ಕುಮಳಿ ಘಾಟಿ ಹತ್ತತೊಡಗಿದ್ದೇ ತಡ, ಸೋದರಮಾವನ ಹಳೇ ಲಾರಿ ದಮ್ಮು ಹಿಡಿದ ಮುದುಕನಂತೆ ಕೆಮ್ಮಿ, ಎರಡನೇ ತಿರುವಿನಲ್ಲಿ ನಿಂತೇ ಹೋಯಿತು. ಹಿಂದೆ ಒಡ್ಡನ್‌ಛತ್ರಂ ಮಂಡಿಯಿಂದ ತುಂಬಿಸಿದ ಟೊಮೆಟೊ. ಘಾಟಿಯಾಚೆಯ ಬೆಳಗಿನ ಸಂತೆಗೆ ಮುಟ್ಟದಿದ್ದರೆ ಅದನ್ನು ಕೇಳುವವರಿಲ್ಲ.

ನಮ್ಮ ವಂಶದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು ನಾನು, ಅದೂ ಮೆಕ್ಯಾನಿಕಲ್ ಎಂಜಿನಿಯರಿಂಗ್. ಸುಮ್ಮನಿರಲಾಗುತ್ತದೆಯೇ? ಸಮತಟ್ಟಿನಲ್ಲಿ ಚೆನ್ನಾಗಿ ಓಡಿ ಏರಿನಲ್ಲಿ ಮುಗ್ಗರಿಸುತ್ತದೆಂದರೆ ಎಂಜಿನ್‌ಗೆ ಡೀಸೆಲ್ ಸಾಲುತ್ತಿಲ್ಲ ಎಂದೆ. ಅಲ್ಲಿಯವರೆಗೆ ಸರಿಯೇ. "ಪಂಪ್ ಬಿಚ್ಚಬೇಕು ಮಾಮಾ, ಮೆಕ್ಯಾನಿಕ್‌ನ ಕರೆಸಿ" ಎಂದೂ ಅಪ್ಪಣೆ ಕೊಡಿಸಿದೆ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಮಾವ ಹೋಗಿ ಡೀಸೆಲ್ ಟ್ಯಾಂಕಿನ ಮುಚ್ಚಳ ತಿರುವಿದರು. ಪುಸ್ಸೆಂದು ಗಾಳಿ ಒಳಕ್ಕೆ ನುಗ್ಗಿತು. ಮುಚ್ಚಳದಲ್ಲಿ ಗಾಳಿಯಾಡಲೆಂದು ಇರುವ ಸಣ್ಣ ತೂತಿನಲ್ಲಿ ಗಂಧ, ಕುಂಕುಮ ಒಣಗಿ ಕಲ್ಲಾಗಿತ್ತು; ಟ್ಯಾಂಕಿನೊಳಗೆ ಗಾಳಿ ಹೋಗದೆ ಡೀಸೆಲ್ ಎಂಜಿನ್‌ಗೆ ಹರಿಯುತ್ತಿರಲಿಲ್ಲ. ಹಿಂದಿನ ದಿನ ಲಾರಿಗೆ ಆಯುಧಪೂಜೆ ಮಾಡಿದವಳು ನಾನೇ. ಓದಿದ ಕೈ ಅಂತ ನನ್ನಿಂದಲೇ ಮಾಡಿಸಿದ್ದರು.

"ಏ ಪುಳ್ಳೆ, ಸಾಮಿಗೆ ಹಚ್ಚೋ ಗಂಧಾನ ವಂಡಿ ಮೂಗಿಗೆ ತುರುಕಿದ್ರೆ ಅದೆಂಗೆ ಉಸ್ರಾಡ್ತದೆ? ಇದನ್ನ ಯಾವ ವರ್ಷದ ಪಾಠದಾಗೆ ಹೇಳ್ಕೊಟ್ರು?" ಎನ್ನುತ್ತಾ ಮಾವ ಬೆಂಕಿಕಡ್ಡಿಯಿಂದ ತೂತು ಕೆರೆದರು. ಲಾರಿ ಘಾಟಿ ಹತ್ತಿತು, ಟೊಮೆಟೊ ಸಂತೆ ಮುಟ್ಟಿತು.

ಪದವಿಯ ಹೆಮ್ಮೆ ನನಗೆ ಒಂದಿಷ್ಟೂ ಇಳಿದಿಲ್ಲ. ಆದರೆ ಈಗ ಯಾವ ಯಂತ್ರ ಕೆಟ್ಟರೂ ನನ್ನ ಮೊದಲ ಪ್ರಶ್ನೆ, ಇದಕ್ಕೆ ಕೊನೆಯ ಸಲ ಪೂಜೆ ಮಾಡಿದ್ದು ಯಾರು ಎಂಬುದೇ. ನಾನು ಕೆಲಸ ಮಾಡುವ ಕಾರ್ಖಾನೆಯಲ್ಲಿ ಎಲ್ಲರೂ ನನ್ನನ್ನು ಮಹಾ ದೈವಭಕ್ತೆ ಎಂದುಕೊಂಡಿದ್ದಾರೆ.